ಇರುವಿಕೆಯ ಹಕ್ಕು: ಅಲ್ಪಸಂಖ್ಯಾತರು, ವಲಸಿಗರು ಮತ್ತು ಅಂತರರಾಷ್ಟ್ರೀಯ ಕಾನೂನು

(ಪುತ್ತೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

1933ರಲ್ಲಿ ಅಲ್ಬೇನಿಯಾ ತನ್ನ ಸಂವಿಧಾನಕ್ಕೆ ಒಂದು ತಿದ್ದುಪಡಿ ತಂದಿತು. ಶಿಕ್ಷಣ ಕೊಡುವುದು ಇನ್ನು ಸರ್ಕಾರದ ಕೆಲಸ ಮಾತ್ರ, ಮಕ್ಕಳೆಲ್ಲ ಸರ್ಕಾರಿ ಶಾಲೆಯಲ್ಲಿಯೇ ಓದಬೇಕು, ಈಗ ನಡೆಯುತ್ತಿರುವ ಎಲ್ಲ ಬಗೆಯ ಖಾಸಗಿ ಶಾಲೆಗಳನ್ನೂ ಮುಚ್ಚಬೇಕು ಎಂಬುದು ಅದರ ಸಾರ. ಮೊದಲ ಸಲ ಓದಿದಾಗ ನಿಮಗೆ ಇದರಲ್ಲಿ ತಪ್ಪು ಕಾಣದೆ ಹೋಗಬಹುದು. ನಿಯಮದಲ್ಲಿ ಯಾವ ಜಾತಿಯ, ಮತದ, ಭಾಷೆಯ ಹೆಸರೂ ಇಲ್ಲ. ಎಲ್ಲರಿಗೂ ಒಂದೇ ಶಾಲೆ ಎಂಬ ಮಾತು ಕಿವಿಗೆ ಹಿತವಾಗಿಯೂ ಇದೆ. ಆದರೆ ಆ ದೇಶದ ದಕ್ಷಿಣ ಭಾಗದಲ್ಲಿ ಗ್ರೀಕ್ ಭಾಷೆಯಾಡುವ ಜನ ತಲೆಮಾರುಗಳಿಂದ ಬದುಕಿದ್ದರು. ಅವರು ಸ್ವಂತ ಖರ್ಚಿನಿಂದ ಶಾಲೆಗಳನ್ನು ಕಟ್ಟಿಕೊಂಡು ತಮ್ಮ ಭಾಷೆಯಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದರು. ಯಾರ ಹೆಸರನ್ನೂ ಹೇಳದ ಆ ನಿಯಮ ಅವರ ಶಾಲೆಗಳ ಬಾಗಿಲನ್ನು ಮುಚ್ಚಿಸಿತು.

ಅಲ್ಬೇನಿಯಾ 1921ರ ಅಕ್ಟೋಬರ್ 2ರಂದು ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಗಳ ಒಕ್ಕೂಟದ ಮುಂದೆ ಒಂದು ಘೋಷಣೆಗೆ ಸಹಿ ಹಾಕಿತ್ತು. ಅಲ್ಪಸಂಖ್ಯಾತರು ಸ್ವಂತ ಖರ್ಚಿನಲ್ಲಿ ಶಾಲೆಗಳನ್ನೂ ಧಾರ್ಮಿಕ, ಸಾಮಾಜಿಕ ಸಂಸ್ಥೆಗಳನ್ನೂ ನಡೆಸಬಹುದು ಎಂಬ ಮಾತು ಅದರಲ್ಲಿತ್ತು. ದೂರು ಒಕ್ಕೂಟದ ಕೇಂದ್ರವಾದ ಜಿನೀವಾಕ್ಕೆ ಹೋಯಿತು. ಅಲ್ಲಿಂದ ಹೇಗ್‌ನಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯದ ಖಾಯಂ ನ್ಯಾಯಾಲಯದ ಅಭಿಪ್ರಾಯಕ್ಕೆ ಬಂತು. ಅಲ್ಬೇನಿಯಾದ ವಾದ ಸರಳವಾಗಿತ್ತು: ಬಹುಸಂಖ್ಯಾತರ ಖಾಸಗಿ ಶಾಲೆಗಳನ್ನೂ ಮುಚ್ಚಿದ್ದೇವೆ, ಅಲ್ಪಸಂಖ್ಯಾತರದ್ದನ್ನೂ ಮುಚ್ಚಿದ್ದೇವೆ, ಎಲ್ಲರನ್ನೂ ಸಮಾನವಾಗಿ ಕಂಡಮೇಲೆ ಭೇದವೆಲ್ಲಿ ಬಂತು?

1935ರ ಏಪ್ರಿಲ್ 6ರಂದು ನ್ಯಾಯಾಲಯ ಎಂಟು ಮತಗಳಿಗೆ ಮೂರರಂತೆ ಈ ವಾದವನ್ನು ತಳ್ಳಿಹಾಕಿತು. ಕಾನೂನಿನ ಮಾತಿನಲ್ಲಿ ಸಮಾನತೆ ಇದ್ದರೆ ಸಾಲದು, ಅದು ವಾಸ್ತವದಲ್ಲಿಯೂ ಇರಬೇಕು ಎಂದಿತು. ಇದನ್ನು ನಿಮ್ಮ ಮನಸ್ಸಿಗೆ ಹತ್ತಿರ ತಂದುಕೊಳ್ಳಿ. ಖಾಸಗಿ ಶಾಲೆ ಮುಚ್ಚಿದಾಗ ಅಲ್ಬೇನಿಯನ್ ಮಾತಾಡುವ ಮಗು ಸರ್ಕಾರಿ ಶಾಲೆಗೆ ಹೋಗುತ್ತದೆ. ಅಲ್ಲಿ ಅದಕ್ಕೆ ತನ್ನದೇ ಭಾಷೆ, ತನ್ನವರದೇ ಹಾಡು, ತನ್ನ ಮನೆಯಲ್ಲಿ ಕೇಳಿದ್ದೇ ಕಥೆ ಸಿಗುತ್ತದೆ. ಗ್ರೀಕ್ ಮಾತಾಡುವ ಮಗುವೂ ಅದೇ ಶಾಲೆಗೆ ಹೋಗುತ್ತದೆ, ಆದರೆ ಅಲ್ಲಿ ಅದರ ಮನೆಯ ಯಾವುದೂ ಇಲ್ಲ. ಒಂದೇ ನಿಯಮ ಒಂದು ಮಗುವಿನ ಶಾಲೆಯ ಫಲಕವನ್ನಷ್ಟೇ ಬದಲಿಸಿತು, ಇನ್ನೊಂದು ಮಗುವಿನಿಂದ ಭಾಷೆಯನ್ನೇ ಕಸಿದುಕೊಂಡಿತು. ತಮ್ಮ ಸಂಸ್ಥೆಗಳನ್ನು ಕಳೆದುಕೊಂಡ ಅಲ್ಪಸಂಖ್ಯಾತರು ತಮ್ಮನ್ನು ತಾವಾಗಿಸಿರುವುದನ್ನೇ ಬಿಟ್ಟುಕೊಡಬೇಕಾಗುತ್ತದೆ, ಆಗ ಉಳಿಯುವುದು ಸಮಾನತೆಯಲ್ಲ ಎಂಬುದು ನ್ಯಾಯಾಲಯದ ತರ್ಕ.

ಇದಕ್ಕೆ ಐದು ವರ್ಷ ಮೊದಲು, 1930ರಲ್ಲಿ, ಅದೇ ನ್ಯಾಯಾಲಯ ಗ್ರೀಸ್ ಮತ್ತು ಬಲ್ಗೇರಿಯಾಗಳ ನಡುವಿನ ವಲಸೆ ಒಪ್ಪಂದವನ್ನು ವಿವರಿಸುವಾಗ ಒಂದು ಮಾತು ಹೇಳಿತ್ತು. ಒಂದು ಸಮುದಾಯ ಇದೆಯೋ ಇಲ್ಲವೋ ಎಂಬುದು ವಾಸ್ತವ ಸಂಗತಿಯ ಪ್ರಶ್ನೆ, ಕಾನೂನಿನ ಪ್ರಶ್ನೆಯಲ್ಲ. ಇಂದಿನ ನನ್ನ ಮಾತೆಲ್ಲ ಈ ಒಂದು ವಾಕ್ಯದ ಸುತ್ತಲೇ ಇದೆ. ಒಂದು ಜನ ಒಂದು ನೆಲದಲ್ಲಿ ಬದುಕುತ್ತಿದ್ದಾರೆ ಎಂಬುದು ಸರ್ಕಾರದ ಮಂಜೂರಾತಿಗಾಗಿ ಕಾಯುವ ವಿಷಯವಲ್ಲ. ಗಜೆಟ್‌ನಲ್ಲಿ ಅವರ ಹೆಸರು ಬಿಟ್ಟುಹೋದರೂ ಅವರು ಇದ್ದೇ ಇರುತ್ತಾರೆ. ಹಕ್ಕಿನ ಮಾತು ಆ ಇರುವಿಕೆಯಿಂದ ಆರಂಭವಾಗಬೇಕು.

ಒಕ್ಕೂಟದ ಕಾಲದ, ಅಲ್ಪಸಂಖ್ಯಾತರ ರಕ್ಷಣೆಯ ಆ ವ್ಯವಸ್ಥೆ ಬಹಳ ಕಾಲ ಬಾಳಲಿಲ್ಲ. ಅದರ ಬುಡದಲ್ಲಿಯೇ ಪಕ್ಷಪಾತವಿತ್ತು. ಪೋಲೆಂಡ್, ರೊಮೇನಿಯಾ, ಜೆಕೊಸ್ಲೊವಾಕಿಯಾದಂತಹ ಹೊಸದಾಗಿ ಹುಟ್ಟಿದ ಅಥವಾ ವಿಸ್ತರಿಸಿದ ದೇಶಗಳನ್ನೂ ಮೊದಲನೆಯ ಮಹಾಯುದ್ಧದಲ್ಲಿ ಸೋತವರನ್ನೂ ಅದು ಕಟ್ಟಿಹಾಕಿತು. ಗೆದ್ದ ದೊಡ್ಡ ರಾಷ್ಟ್ರಗಳ ಮೇಲೆ ಅಂಥ ಯಾವ ಹೊಣೆಯೂ ಇರಲಿಲ್ಲ. 1934ರ ಸೆಪ್ಟೆಂಬರ್‌ನಲ್ಲಿ ಪೋಲೆಂಡ್, ಎಲ್ಲರಿಗೂ ಅನ್ವಯವಾಗುವ ಒಂದೇ ವ್ಯವಸ್ಥೆ ಬರುವ ತನಕ ತಾನು ಸಹಕರಿಸುವುದಿಲ್ಲ ಎಂದು ಸಾರಿತು. 1938ರಲ್ಲಿ ಜರ್ಮನಿ, ಜೆಕೊಸ್ಲೊವಾಕಿಯಾದ ಗಡಿಭಾಗದಲ್ಲಿದ್ದ ಸುಡೆಟನ್ ಜರ್ಮನರ ರಕ್ಷಣೆಯ ನೆಪದಲ್ಲಿ ಆ ದೇಶವನ್ನು ತುಂಡರಿಸಿತು. ಹೀಗಾಗಿ ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ‘ಅಲ್ಪಸಂಖ್ಯಾತರ ಹಕ್ಕು’ ಎಂಬ ಪದಗಳೇ ಹಲವರಲ್ಲಿ ಅಳುಕು ಹುಟ್ಟಿಸುತ್ತಿದ್ದವು.

1948ರ ಡಿಸೆಂಬರ್ 10ರಂದು ಅಂಗೀಕಾರವಾದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ನೀವೆಲ್ಲ ಓದಿರುತ್ತೀರಿ. ಅದರ ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥಕ್ಕೆಡೆ ಕೊಡುವ ಪದವಿತ್ತು. ‘ಎಲ್ಲ ಮಾನವರು’ ಎಂದಾಗಬೇಕೆಂದು ಪಟ್ಟುಹಿಡಿದು ಗೆದ್ದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ನಮ್ಮ ಸಂವಿಧಾನ ರಚನಾ ಸಭೆಯ ಸದಸ್ಯೆಯೂ ಆಗಿದ್ದ ಅವರನ್ನು ನಮ್ಮ ಪಠ್ಯಗಳು ಇನ್ನಷ್ಟು ನೆನೆಯಬೇಕಿತ್ತು. ಅಷ್ಟು ವಿಶಾಲವಾದ ಆ ಘೋಷಣೆಯಲ್ಲಿ ಅಲ್ಪಸಂಖ್ಯಾತರ ಬಗ್ಗೆ ಒಂದು ವಿಧಿಯೂ ಇಲ್ಲ. ಆರಂಭದ ಕರಡಿನಲ್ಲಿ ಇದ್ದದ್ದು ಚರ್ಚೆಯಲ್ಲಿ ಬಿದ್ದುಹೋಯಿತು. ಬದಲಿಗೆ ಅದೇ ದಿನ ಪ್ರತ್ಯೇಕ ನಿರ್ಣಯವೊಂದು ಬಂತು: ಅಲ್ಪಸಂಖ್ಯಾತರ ಪಾಡಿನ ಬಗ್ಗೆ ವಿಶ್ವಸಂಸ್ಥೆ ಉದಾಸೀನವಾಗಿ ಇರಲಾರದು, ಆದರೆ ಎಲ್ಲ ಕಡೆಗೂ ಹೊಂದುವ ಒಂದೇ ಪರಿಹಾರ ಕಷ್ಟ ಎಂದು.

ಆ ಖಾಲಿ ಜಾಗ ತುಂಬಲು ಹದಿನೆಂಟು ವರ್ಷ ಹಿಡಿಯಿತು. ಪೌರ ಮತ್ತು ರಾಜಕೀಯ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ 27ನೇ ವಿಧಿ, ಜನಾಂಗೀಯ, ಧಾರ್ಮಿಕ ಅಥವಾ ಭಾಷಿಕ ಅಲ್ಪಸಂಖ್ಯಾತರು ಇರುವ ದೇಶಗಳಲ್ಲಿ, ಅಂಥ ಗುಂಪಿಗೆ ಸೇರಿದ ವ್ಯಕ್ತಿಗಳಿಗೆ ತಮ್ಮವರೊಡಗೂಡಿ ತಮ್ಮ ಸಂಸ್ಕೃತಿಯಲ್ಲಿ ಬದುಕುವ, ತಮ್ಮ ಧರ್ಮ ಪಾಲಿಸುವ, ತಮ್ಮ ಭಾಷೆ ಬಳಸುವ ಹಕ್ಕನ್ನು ನಿರಾಕರಿಸಕೂಡದು ಎನ್ನುತ್ತದೆ. ಹಕ್ಕು ಕೊಟ್ಟದ್ದು ಗುಂಪಿಗಲ್ಲ, ವ್ಯಕ್ತಿಗೆ. ಆದರೆ ಅದು ಕೈಗೂಡುವುದು ತನ್ನವರ ನಡುವೆ ಮಾತ್ರ. ‘ಇರುವ ದೇಶಗಳಲ್ಲಿ’ ಎಂಬ ಪದಗಳನ್ನು ಹಿಡಿದುಕೊಂಡು ನಮ್ಮಲ್ಲಿ ಅಂಥವರು ಇಲ್ಲವೇ ಇಲ್ಲ ಎನ್ನುವ ದೇಶಗಳೂ ಉಂಟು. ತನ್ನ ಸಂವಿಧಾನದ ಪ್ರಕಾರ ಈ ವಿಧಿ ತನಗೆ ಅನ್ವಯಿಸುವುದಿಲ್ಲ ಎಂದು ಫ್ರಾನ್ಸ್ ಘೋಷಿಸಿಕೊಂಡಿದೆ. ಭಾರತ 1979ರಲ್ಲಿ ಒಡಂಬಡಿಕೆಗೆ ಸೇರಿತು. 27ನೇ ವಿಧಿಯನ್ನು ನಾವು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿದ್ದೇವೆ.

ಈ ವಿಧಿಗೆ ಜೀವ ಬಂದದ್ದು ಒಬ್ಬ ಹೆಣ್ಣುಮಗಳ ದೂರಿನಿಂದ. ಸ್ಯಾಂಡ್ರಾ ಲವ್‌ಲೇಸ್ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಲಿಸೀಟ್ ಎಂಬ ಮೂಲನಿವಾಸಿ ಸಮುದಾಯದವರು. 1970ರಲ್ಲಿ ಅವರು ಹೊರಗಿನವರೊಬ್ಬರನ್ನು ಮದುವೆಯಾದರು. ಕೆನಡಾದ ಕಾನೂನಿನ ಪ್ರಕಾರ ಅಂಥ ಮದುವೆಯಾದ ಹೆಣ್ಣು ಆ ಗಳಿಗೆಯಿಂದ ಮೂಲನಿವಾಸಿ ಎನಿಸಿಕೊಳ್ಳುವುದಿಲ್ಲ; ಗಂಡು ಹೊರಗಿನವಳನ್ನು ಮದುವೆಯಾದರೆ ಅವನ ಸ್ಥಾನಕ್ಕೆ ಕುಂದಿಲ್ಲ, ಬಂದವಳಿಗೇ ಆ ಸ್ಥಾನ ದೊರೆಯುತ್ತದೆ. ಮದುವೆ ಮುರಿದ ಮೇಲೆ ಸ್ಯಾಂಡ್ರಾ ತಾವು ಹುಟ್ಟಿ ಬೆಳೆದ ಟೊಬಿಕ್ ನೆಲೆಗೆ ಮರಳಬಯಸಿದಾಗ, ಅಲ್ಲಿ ವಾಸಿಸುವ ಹಕ್ಕು ನಿಮಗಿಲ್ಲ ಎಂಬ ಉತ್ತರ ಸಿಕ್ಕಿತು. ತವರಿನ ಬಾಗಿಲು ಮುಚ್ಚಿದ ಹೆಣ್ಣಿನ ಸಂಕಟ ಏನೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಬಾಗಿಲು ಮುಚ್ಚಿದ್ದು ತವರಿನವರ ಮುನಿಸಲ್ಲ, ಸಂಸತ್ತಿನ ಶಾಸನ.

ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. ಮದುವೆಯಾದಾಗ ಒಡಂಬಡಿಕೆ ಕೆನಡಾಕ್ಕೆ ಇನ್ನೂ ಅನ್ವಯವಾಗಿರಲಿಲ್ಲ, ಆದ್ದರಿಂದ ಅಂದಿನ ಸ್ಥಾನನಷ್ಟವನ್ನು ಸಮಿತಿ ನೇರವಾಗಿ ವಿಚಾರಿಸಲಿಲ್ಲ. ಆದರೆ ಅದರ ಪರಿಣಾಮ ದಿನದಿನವೂ ಮುಂದುವರಿಯುತ್ತಿದೆ ಎಂದು ಗುರುತಿಸಿತು. ಆ ಸಮುದಾಯದಲ್ಲಿ ಹುಟ್ಟಿ, ಬೆಳೆದು, ಅದರೊಂದಿಗಿನ ನಂಟನ್ನು ಉಳಿಸಿಕೊಳ್ಳಬಯಸುವವರು ಅದಕ್ಕೆ ಸೇರಿದವರೇ. ಟೊಬಿಕ್‌ನ ಹೊರಗೆ ಆ ಜನರ ಬದುಕು ಬೇರೆಲ್ಲಿಯೂ ಇಲ್ಲದಿರುವಾಗ ಅಲ್ಲಿಗೆ ಹೋಗದಂತೆ ತಡೆಯುವುದೆಂದರೆ 27ನೇ ವಿಧಿಯ ಹಕ್ಕನ್ನೇ ತಡೆಯುವುದು ಎಂದು 1981ರಲ್ಲಿ ತೀರ್ಮಾನಿಸಿತು. ಸರ್ಕಾರದ ಪಟ್ಟಿಯಲ್ಲಿ ಹೆಸರಿದೆಯೇ ಎಂಬುದನ್ನು ಮೀರಿ, ಅವರು ನಿಜದಲ್ಲಿ ಯಾರು ಎಂಬುದನ್ನು ಅದು ನೋಡಿತು. ಕೆನಡಾ 1985ರಲ್ಲಿ ಕಾನೂನನ್ನು ತಿದ್ದಿತು. 2005ರಲ್ಲಿ ಸ್ಯಾಂಡ್ರಾ ಅದೇ ದೇಶದ ಸೆನೆಟ್‌ಗೆ ನೇಮಕಗೊಂಡರು. ಅವರ ಸಮುದಾಯದೊಳಗಿನ ಹಲವರಿಗೆ ಈ ಹೋರಾಟ ಹಿಡಿಸಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಲ್ಪಸಂಖ್ಯಾತರೊಳಗಿನ ದುರ್ಬಲರ ಪ್ರಶ್ನೆ ಬಂದಾಗ, ಗುಂಪಿನ ಹೆಸರಿನಲ್ಲಿ ಮಾತಾಡುವವರು ಯಾರು ಎಂದು ಕೇಳುವುದನ್ನು ನಾವು ಮರೆಯಬಾರದು.

ನಮ್ಮ ಪಕ್ಕಕ್ಕೆ ಬರೋಣ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ದಿನದಿಂದ ಕೇರಳದ ಭಾಗ. ಚಂದ್ರಗಿರಿ ನದಿಯ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಗಡಿಯ ವಾದವನ್ನು ಇಲ್ಲಿ ಬೆಳೆಸುವುದು ನನ್ನ ಉದ್ದೇಶವಲ್ಲ. ಗಡಿ ಎಲ್ಲಿಯೇ ಬೀಳಲಿ, ಅದರಾಚೆ ಒಂದಷ್ಟು ಜನ ಉಳಿಯುತ್ತಾರೆ. ಅವರಿಗೆ ಏನು ಉಳಿಯುತ್ತದೆ ಎಂಬುದು ನಮ್ಮ ಪ್ರಶ್ನೆ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿನಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳು ಸೇರಿದವು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಅವರಿಗಾಗಿ ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸುತ್ತದೆ. ಕನ್ನಡ ಶಾಲೆಯ ಫಲಕ ಹಾಗೆಯೇ ಇದ್ದು, ಪಾಠ ಮಾಡಲು ಬಂದವರಿಗೆ ಕನ್ನಡ ಬರದಿದ್ದರೆ ಕಾಗದದ ಮೇಲೆ ಎಲ್ಲವೂ ಸರಿಯಾಗಿರುತ್ತದೆ. ಆ ತರಗತಿಯಲ್ಲಿ ಕುಳಿತ ಮಗುವನ್ನು ಅಲ್ಬೇನಿಯಾದ ಮಗುವಿನ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಇದೇ ಅಳತೆಗೋಲನ್ನು ಬೆಳಗಾವಿಯ ಮರಾಠಿ ಮಗುವಿಗೂ, ಕಲಬುರಗಿಯ ಉರ್ದು ಮಗುವಿಗೂ ಹಿಡಿಯುವ ಪ್ರಾಮಾಣಿಕತೆ ನಮಗಿರಬೇಕು. ನಮ್ಮವರು ಅಲ್ಲಿ ಕೇಳುವುದನ್ನು ನಾವು ಇಲ್ಲಿ ಕೊಡದಿದ್ದರೆ ಆ ಕೇಳಿಕೆಗೆ ಬಲ ಬರುವುದಿಲ್ಲ.

ಇಷ್ಟು ಹೊತ್ತು ನಾನು ಮಾತಾಡಿದ್ದು ಇದ್ದಲ್ಲಿಯೇ ಇದ್ದವರ ಬಗ್ಗೆ. ಒಂದೂರಿನಿಂದ ಇನ್ನೊಂದೂರಿಗೆ ಹೋದವರ ಕಥೆ ಇದಕ್ಕಿಂತ ಕಠಿಣ.

ಇಂದಿನ ಶ್ರೀಲಂಕಾ ಆದ ಸಿಲೋನಿನ ಬೆಟ್ಟಗಳಲ್ಲಿ ಕಾಫಿಗೂ ಆಮೇಲೆ ಚಹಾಕ್ಕೂ ದುಡಿಯಲು ಬ್ರಿಟಿಷರು ತಮಿಳು ಜಿಲ್ಲೆಗಳಿಂದ ಕೂಲಿಗಳನ್ನು ಒಯ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅವರು ತೋಟದ ಲೈನ್ ಮನೆಗಳಲ್ಲಿ ಹುಟ್ಟಿದರು, ಅಲ್ಲಿಯೇ ಸತ್ತರು. 1948ರ ಫೆಬ್ರವರಿಯಲ್ಲಿ ದೇಶ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯ್ದೆ ನವೆಂಬರ್‌ನಲ್ಲಿ ಜಾರಿಗೆ ಬಂತು. ದ್ವೀಪದಲ್ಲಿ ಹುಟ್ಟಿದ್ದರೆ ಸಾಲದು. ತಂದೆಯೂ ಅಲ್ಲಿಯೇ ಹುಟ್ಟಿದ್ದನೆಂದು, ಇಲ್ಲವೇ ಅಜ್ಜ ಮತ್ತು ಮುತ್ತಜ್ಜ ಇಬ್ಬರೂ ಅಲ್ಲಿಯೇ ಹುಟ್ಟಿದ್ದರೆಂದು ತೋರಿಸಬೇಕು. ಕಂಗಾಣಿ ಎಂಬ ಕೂಲಿ ಮೇಸ್ತ್ರಿಯ ಹಾಜರಿ ಪುಸ್ತಕದ ಹೊರಗೆ ಹೆಸರೇ ಇಲ್ಲದ ಕೂಲಿಯೊಬ್ಬ ಮುತ್ತಜ್ಜನ ಜನನದ ಪುರಾವೆಯನ್ನು ಎಲ್ಲಿಂದ ತಂದಾನು? ಪ್ರತಿಯೊಬ್ಬರಿಗೂ ಒಂದು ರಾಷ್ಟ್ರೀಯತೆಯ ಹಕ್ಕಿದೆ ಎಂದು ಸಾರ್ವತ್ರಿಕ ಘೋಷಣೆಯ 15ನೇ ವಿಧಿ ಸಾರಿದ್ದು ಆ ಕಾಯ್ದೆ ಜಾರಿಯಾದ ಮರು ತಿಂಗಳಲ್ಲಿ. ಆ ಹೊತ್ತಿಗೆ ಬೆಟ್ಟದ ತಮಿಳರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾಗಿದ್ದರು.

1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದ ಮಾಡಿಕೊಂಡರು. ಅದರ ಲೆಕ್ಕ ಕೇಳಿ: ಒಟ್ಟು 9,75,000 ಜನ, ಅವರಲ್ಲಿ 5,25,000 ಮಂದಿಯನ್ನು ಭಾರತ ಸ್ವೀಕರಿಸುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು, ಉಳಿದ 1,50,000 ಮಂದಿಯ ವಿಚಾರ ಮುಂದೆ ನೋಡುವುದು. ಆ ಉಳಿದವರನ್ನು 1974ರಲ್ಲಿ ತಲಾ 75,000ದಂತೆ ಎರಡು ದೇಶಗಳೂ ಹಂಚಿಕೊಂಡವು. ಇಬ್ಬರು ನಾಯಕರ ಮೇಲೂ ನನಗೆ ಗೌರವವಿದೆ. ಆದರೂ ಈ ಅಂಕಿಗಳನ್ನು ಓದುವಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಸಂಖ್ಯೆಯನ್ನು ಗೊತ್ತುಮಾಡಿದಾಗ ಆ ಜನರನ್ನು ಯಾರೂ ಕೇಳಿರಲಿಲ್ಲ; ಹೊಲದ ಪಾಲಿನಂತೆ ಮನುಷ್ಯರ ಪಾಲು ನಡೆಯಿತು.

ಹೀಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ಎಲ್ಲಿ ನೆಲೆಸಿದವು ಎಂದು ನಿಮಗೆ ಗೊತ್ತು. ಇಲ್ಲಿಂದ ಸುಳ್ಯದ ಕಡೆ ಹೋಗುವಾಗ ಕಾಣುವ ರಾಜ್ಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಬೆಳಗಿನ ಕತ್ತಲಲ್ಲಿ ಟ್ಯಾಪಿಂಗ್‌ಗೆ ಹೊರಡುವವರು ಅವರೇ, ಅವರ ಮಕ್ಕಳೇ. ಒಂದು ದೇಶ ‘ನಮ್ಮವರಲ್ಲ’ ಎಂದದ್ದರಿಂದ ಅವರು ವಲಸಿಗರಾದರು. ಇಲ್ಲಿ ಪೌರತ್ವ ಸಿಕ್ಕಿದ ಮೇಲೆ ತುಳು, ಕನ್ನಡಗಳ ನಡುವೆ ತಮಿಳಾಡುವ ಅಲ್ಪಸಂಖ್ಯಾತರಾದರು. ಅಲ್ಪಸಂಖ್ಯಾತರು, ವಲಸಿಗರು ಎಂದು ನಾವು ಪಠ್ಯದಲ್ಲಿ ಎರಡು ಬೇರೆ ಅಧ್ಯಾಯ ಮಾಡುತ್ತೇವೆ. ಒಂದು ಕುಟುಂಬದ ಮೂರು ತಲೆಮಾರಿನಲ್ಲಿ ಆ ಎರಡೂ ಅಧ್ಯಾಯಗಳು ಮುಗಿದಿರುತ್ತವೆ.

ಕಾನೂನು ಇವರನ್ನು ಹಿಡಿದುಕೊಳ್ಳುವುದು ‘ವ್ಯಕ್ತಿ’ ಎಂಬ ಪದದಿಂದ. ಪೌರ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ತನ್ನ ನೆಲದಲ್ಲಿರುವ, ತನ್ನ ಅಧಿಕಾರಕ್ಕೆ ಒಳಪಟ್ಟ ಎಲ್ಲ ವ್ಯಕ್ತಿಗಳಿಗೂ ಹಕ್ಕುಗಳನ್ನು ಖಾತರಿಪಡಿಸುವಂತೆ ಸರ್ಕಾರಕ್ಕೆ ಹೇಳುತ್ತದೆ. ಮತದಾನ ಮತ್ತು ಆಡಳಿತದಲ್ಲಿ ಪಾಲ್ಗೊಳ್ಳುವ 25ನೇ ವಿಧಿಯನ್ನು ಮಾತ್ರ ಪ್ರಜೆಗಳಿಗೆ ಮೀಸಲಿಡುತ್ತದೆ. ನಮ್ಮ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯದ 19ನೇ ವಿಧಿ ಪ್ರಜೆಗಳದು. ಸಮಾನತೆಯ 14, ಜೀವ ಮತ್ತು ಸ್ವಾತಂತ್ರ್ಯದ 21 ಯಾವ ವ್ಯಕ್ತಿಗಾದರೂ ಸಲ್ಲುತ್ತವೆ. ಪೂರ್ವ ಪಾಕಿಸ್ತಾನದ ಕಪ್ತಾಯಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡು 1964ರ ಹೊತ್ತಿಗೆ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರಿಗೆ ಜಾಗ ಬಿಟ್ಟು ಹೋಗುವಂತೆ ಬೆದರಿಕೆ ಬಂದಾಗ, ಸುಪ್ರೀಂ ಕೋರ್ಟ್ 1996ರಲ್ಲಿ ಈ ಪದವನ್ನೇ ಆಧರಿಸಿ, ಪ್ರಜೆಯಾಗಿರಲಿ ಇಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನೂ ಕಾಪಾಡುವುದು ರಾಜ್ಯದ ಕರ್ತವ್ಯ ಎಂದಿತು. ನಿರಾಶ್ರಿತರ 1951ರ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಿದ್ದೂ ಚಕ್ಮಾ ಜನರ ಬೆನ್ನಿಗೆ ನಿಂತದ್ದು ನಮ್ಮದೇ 21ನೇ ವಿಧಿ.

ಕರಾವಳಿಯವರಾದ ನಿಮಗೆ ಗಲ್ಫ್ ದೂರದ ಊರಲ್ಲ. ಅಲ್ಲಿಂದ ಮರಳಿದವರ ಬಾಯಲ್ಲಿ ಕಫೀಲ, ಇಕಾಮಾ, ಹುರೂಬ್ ಎಂಬ ಪದಗಳನ್ನು ಕೇಳಿಯೇ ಇರುತ್ತೀರಿ. ಪ್ರಾಯೋಜಕನಾದ ಕಫೀಲನಿಗೆ ಕೆಲಸಗಾರನ ವಾಸದ ಪರವಾನಗಿ, ಅಂದರೆ ಇಕಾಮಾ, ಬಹುಕಾಲ ಕಟ್ಟುಬಿದ್ದಿತ್ತು. ಕೆಲಸಗಾರ ‘ಓಡಿಹೋಗಿದ್ದಾನೆ’ ಎಂದು ಕಫೀಲ ಹುರೂಬ್ ಎಂಬ ಒಂದು ದೂರು ಬರೆದರೆ, ಸಂಬಳ ಕೇಳಿದ ತಪ್ಪಿಗೆ ಮನುಷ್ಯ ಅಕ್ರಮ ವಾಸಿಯಾಗಿಬಿಡುತ್ತಿದ್ದ. ಇಂಥ ಸ್ಥಿತಿಗಾಗಿಯೇ ವಿಶ್ವಸಂಸ್ಥೆ 1990ರ ಡಿಸೆಂಬರ್ 18ರಂದು ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳ ಒಪ್ಪಂದವನ್ನು ಅಂಗೀಕರಿಸಿತು. ಕಾನೂನಿನ ಅಧಿಕಾರವಿರುವ ಸರ್ಕಾರಿ ಅಧಿಕಾರಿಯ ಹೊರತು ಬೇರೆ ಯಾರೂ ಕಾರ್ಮಿಕನ ಪಾಸ್‌ಪೋರ್ಟನ್ನೋ ಗುರುತಿನ ಪತ್ರವನ್ನೋ ಕಿತ್ತಿಟ್ಟುಕೊಳ್ಳುವುದು ಕಾನೂನುಬಾಹಿರ ಎನ್ನುತ್ತದೆ ಅದರ 21ನೇ ವಿಧಿ. ಕೆಲಸಗಾರನ ದಾಖಲೆ ಸರಿಯಿಲ್ಲ ಎಂಬ ಕಾರಣಕ್ಕೆ ಮಾಲೀಕನ ಹೊಣೆ ತಪ್ಪುವುದಿಲ್ಲ ಎನ್ನುತ್ತದೆ 25ನೇ ವಿಧಿ.

ಒಪ್ಪಂದ ಜಾರಿಗೆ ಬರಲು ಹನ್ನೆರಡು ವರ್ಷಕ್ಕೂ ಹೆಚ್ಚು ಹಿಡಿಯಿತು. 2003ರ ಜುಲೈ 1ರಂದು ಅದು ಜಾರಿಯಾಯಿತು. ಸೇರಿದವರಲ್ಲಿ ಹೆಚ್ಚಿನವು ಈಜಿಪ್ಟ್, ಶ್ರೀಲಂಕಾ, ಫಿಲಿಪ್ಪೀನ್ಸ್, ಬಾಂಗ್ಲಾದೇಶದಂತಹ ಕೆಲಸಗಾರರನ್ನು ಕಳಿಸುವ ದೇಶಗಳು. ಗಲ್ಫಿನ ಸಹಕಾರ ಮಂಡಳಿಯ ಒಂದು ದೇಶವೂ ಸೇರಿಲ್ಲ, ಐರೋಪ್ಯ ಒಕ್ಕೂಟದ ಒಂದು ದೇಶವೂ ಸೇರಿಲ್ಲ, ಅಮೆರಿಕ ಸೇರಿಲ್ಲ. ಭಾರತವೂ ಸೇರಿಲ್ಲ. ನಮ್ಮದು ಕಳಿಸುವ ನಾಡೂ ಹೌದು, ನೆರೆಯವರು ದುಡಿಯಲು ಬರುವ ನಾಡೂ ಹೌದು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ, ಬಂಧಿತ ಪರದೇಶಿಯನ್ನು ಅವನ ದೇಶದ ರಾಯಭಾರ ಅಧಿಕಾರಿಗಳು ಭೇಟಿಯಾಗುವ ಹಕ್ಕಿಗಾಗಿ ಹೇಗ್‌ಗೆ ಹೋಗಿ 2019ರಲ್ಲಿ ಗೆದ್ದ ನಾಡೂ ಹೌದು. ಹೊರಗೆ ನಮ್ಮವನಿಗೆ ಬೇಕೆಂದು ಕೇಳಿದ ಹಕ್ಕು, ನಮ್ಮ ಕಟ್ಟಡ ಕೆಲಸದ ಶೆಡ್ಡುಗಳಲ್ಲಿರುವ ಪರದೇಶಿಗೂ ಅಷ್ಟೇ ಸಲ್ಲಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ.

ಬೇರೊಂದು ಖಂಡದಲ್ಲಿ ಈ ಮಾತು ನ್ಯಾಯಾಲಯದಿಂದಲೇ ಬಂದಿದೆ. ಮೆಕ್ಸಿಕೊ ಕೇಳಿದ ಪ್ರಶ್ನೆಗೆ 2003ರಲ್ಲಿ ಉತ್ತರಿಸಿದ ಅಂತರ್-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ, ದುಡಿಮೆಯ ಹಕ್ಕುಗಳು ದುಡಿಯುವವನು ಎಂಬ ಕಾರಣಕ್ಕೇ ಹುಟ್ಟುತ್ತವೆ, ವೀಸಾ ಇದೆಯೇ ಇಲ್ಲವೇ ಎಂಬುದು ಅವನ್ನು ಅಳಿಸಲಾರದು ಎಂದಿತು. ಸರ್ಕಾರ ಅವನನ್ನು ವಾಪಸು ಕಳಿಸಬಹುದು, ಆದರೆ ದುಡಿಸಿಕೊಂಡ ದಿನಗಳ ಕೂಲಿಯನ್ನು ಯಾರೂ ನುಂಗಬಾರದು.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅಲ್ಪಸಂಖ್ಯಾತರೆಂದರೆ ಆ ದೇಶದ ಪ್ರಜೆಗಳೇ ಆಗಿರಬೇಕೆಂಬ ಅಭಿಪ್ರಾಯ ಬಹುಕಾಲ ಬಲವಾಗಿತ್ತು. 1994ರಲ್ಲಿ ಮಾನವ ಹಕ್ಕುಗಳ ಸಮಿತಿ 27ನೇ ವಿಧಿಗೆ ಬರೆದ ವಿವರಣೆಯಲ್ಲಿ ಪ್ರಜೆಯಾಗಿರಬೇಕಿಲ್ಲ, ಖಾಯಂ ನಿವಾಸಿಯೂ ಆಗಿರಬೇಕಿಲ್ಲ, ವಲಸೆ ಕಾರ್ಮಿಕರಿಗೂ ಈ ಹಕ್ಕು ಉಂಟು ಎಂದಿತು. ಅಲ್ಪಸಂಖ್ಯಾತರು ಇದ್ದಾರೆಯೇ ಎಂಬುದನ್ನು ನಿರ್ಧರಿಸುವುದು ಸರ್ಕಾರದ ಇಚ್ಛೆಯಲ್ಲ, ವಸ್ತುಸ್ಥಿತಿ ಎಂದೂ ಸೇರಿಸಿತು. 1930ರಲ್ಲಿ ಹೇಗ್‌ನ ನ್ಯಾಯಾಧೀಶರು ಬರೆದ ವಾಕ್ಯ ಅರುವತ್ತನಾಲ್ಕು ವರ್ಷಗಳ ನಂತರ ಸಮಿತಿಯ ಮಾತಿನಲ್ಲಿ ಮತ್ತೆ ಬಂತು, ಈ ಸಲ ಟಿಕೆಟ್ ಹಿಡಿದು ಬಂದಿಳಿದ ಕೂಲಿಯನ್ನೂ ತನ್ನೊಳಗೆ ಸೇರಿಸಿಕೊಂಡು.

ಸ್ಯಾಂಡ್ರಾ ಹೋದ ದಾರಿ ನಮಗೆ ತೆರೆದಿಲ್ಲ. ವ್ಯಕ್ತಿಗಳು ನೇರವಾಗಿ ಆ ಸಮಿತಿಗೆ ದೂರು ಕೊಡಲು ಅವಕಾಶವೀಯುವ ಐಚ್ಛಿಕ ಪ್ರೋಟೊಕಾಲ್‌ಗೆ ಭಾರತ ಸಹಿ ಹಾಕಿಲ್ಲ. ನಮಗಿರುವುದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲಿ ಅಡಕವಾಗಿದ್ದು ನಮ್ಮ ನ್ಯಾಯಾಲಯಗಳಲ್ಲಿ ಜಾರಿಗೊಳಿಸಬಹುದಾದ ಹಕ್ಕುಗಳನ್ನೂ ಅದು ‘ಮಾನವ ಹಕ್ಕು’ ಎಂಬ ವ್ಯಾಖ್ಯೆಯೊಳಗೆ ತರುತ್ತದೆ. ಮೂಲಭೂತ ಹಕ್ಕುಗಳಿಗೆ ವಿರುದ್ಧವಲ್ಲದ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಅವುಗಳ ಅರ್ಥ ಹಿಗ್ಗಿಸಲು ಬಳಸಬಹುದೆಂದು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಹೇಳಿದೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಬಾಗಿಲು ಇದ್ದೇ ಇದೆ. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ತೋಟದ ಲೈನ್ ಮನೆಯಿಂದ ಬಂದ ಕಕ್ಷಿದಾರನಿಗಾಗಿ ರಿಟ್ ಅರ್ಜಿ ಬರೆಯುವಾಗ, ಅವನ ಅಜ್ಜನ ದಾಖಲೆ ಹುಡುಕುವುದಕ್ಕೆ ಮೊದಲು 21ನೇ ವಿಧಿಯ ‘ವ್ಯಕ್ತಿ’ಯಿಂದ ಆರಂಭಿಸಿ, ಆಮೇಲೆ ಒಡಂಬಡಿಕೆಯ 27ನ್ನು ಇಡಿ, ಅದರ ಹಿಂದೆ ಅಲ್ಬೇನಿಯಾದ ಶಾಲೆಗಳ ಆ ಅಭಿಪ್ರಾಯವನ್ನು ಲಗತ್ತಿಸಿ.